ಕೈ ಖಾಲಿಯಿರುವ ಹಗಲು: ಸೆರೆಮನೆಯಲ್ಲಿ ಔದ್ಯೋಗಿಕ ಚಿಕಿತ್ಸೆ

ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮನುಷ್ಯ ಮಾಡುವುದೆಲ್ಲ ಔದ್ಯೋಗಿಕ ಚಿಕಿತ್ಸೆಯ ಅಧ್ಯಯನಕ್ಕೆ ಸೇರುತ್ತದೆ. ಸ್ನಾನ, ಅಡುಗೆ, ದುಡಿಮೆ, ದುಡ್ಡಿನ ಲೆಕ್ಕ, ಹರಟೆ, ಹಬ್ಬ, ನಿದ್ದೆ ಯಾವುದೂ ಅದಕ್ಕೆ ಹೊರತಲ್ಲ. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಮನಸ್ಸಿನ ತೊಂದರೆಯಿಂದಲೋ ಈ ಕೆಲಸಗಳು ಕೈತಪ್ಪಿದವರಿಗೆ ಅವನ್ನು ಮತ್ತೆ ದಕ್ಕಿಸಿಕೊಡುವುದು ಅದರ ಗುರಿ. ಕೆಲಸವೇ ಅದರ ಮದ್ದು ಕೂಡ. ಆಕ್ಯುಪೇಷನಲ್ ಥೆರಪಿ ಎಂಬ ಹೆಸರು ಕೇಳಿ ಉದ್ಯೋಗ ಕೊಡಿಸುವ ಕಚೇರಿ ಎಂದುಕೊಳ್ಳುವವರು ಈಗಲೂ ಇದ್ದಾರೆ. ಪಾರ್ಶ್ವವಾಯು ಬಡಿದವರು ಅಂಗಿಯ ಗುಂಡಿ ಹಾಕಲು ಮತ್ತೆ ಕಲಿಯುವುದೂ ಸ್ಕಿಜೋಫ್ರೀನಿಯಾದಿಂದ ಚೇತರಿಸಿಕೊಂಡವರು ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದೂ ಇದರ ವ್ಯಾಪ್ತಿಗೆ ಬರುತ್ತವೆ.

ಈ ಶಾಸ್ತ್ರಕ್ಕೆ ಸೆರೆಮನೆ ವಿಚಿತ್ರವಾದ ಜಾಗ. ಆಸ್ಪತ್ರೆಯಲ್ಲಿ ರೋಗ ಕಿತ್ತುಕೊಂಡ ದಿನಚರಿಯನ್ನು ಇಲ್ಲಿ ಕಾನೂನೇ ಕಿತ್ತುಕೊಂಡಿರುತ್ತದೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರ ಪಕ್ಕ ಮಲಗಬೇಕು ಎಂಬ ಸಣ್ಣಪುಟ್ಟ ತೀರ್ಮಾನವೂ ಕೈದಿಯದಲ್ಲ. ಕೈಕಾಲು ಗಟ್ಟಿಯಿದ್ದರೂ ಮಾಡಲು ಏನೂ ಇಲ್ಲದ ಸ್ಥಿತಿ ಅದು. ಗೇಲ್ ವೈಟ್‌ಫೋರ್ಡ್ ಎಂಬ ಸಂಶೋಧಕಿ ನ್ಯೂಜಿಲೆಂಡಿನ ಬಿಗಿ ಭದ್ರತೆಯ ಜೈಲೊಂದರ ವಿಶೇಷ ಘಟಕವನ್ನು ಅಧ್ಯಯನ ಮಾಡಿ 1997ರಲ್ಲಿ ಒಂದು ಲೇಖನ ಪ್ರಕಟಿಸಿದರು. ತನ್ನ ಹತೋಟಿಯಲ್ಲಿಲ್ಲದ ಕಾರಣಗಳಿಂದ ಮನುಷ್ಯ ಅರ್ಥವುಳ್ಳ ಕೆಲಸಗಳಿಂದ ದೀರ್ಘಕಾಲ ದೂರ ಉಳಿಯುವುದನ್ನು ಆ ಲೇಖನ ಔದ್ಯೋಗಿಕ ವಂಚನೆ ಎಂಬ ಪರಿಕಲ್ಪನೆಯಡಿ ವಿವರಿಸಿತು. ಭದ್ರತೆಯ ಹೆಸರಿನಲ್ಲಿ ಉಪಕರಣ, ವಸ್ತು, ಓಡಾಟ ಎಲ್ಲವನ್ನೂ ಕಡಿತಗೊಳಿಸಿದಾಗ ಸಮಯಕ್ಕೆ ಗುರುತೇ ಇರುವುದಿಲ್ಲ, ಒಂದು ದಿನಕ್ಕೂ ಇನ್ನೊಂದಕ್ಕೂ ಭೇದ ಉಳಿಯುವುದಿಲ್ಲ. ಜೈಲಿನ ಔದ್ಯೋಗಿಕ ಚಿಕಿತ್ಸೆಯ ಕುರಿತ ಹೆಚ್ಚಿನ ಬರಹಗಳು ಇಂದಿಗೂ ಈ ಲೇಖನದ ಹೆಸರೆತ್ತದೆ ಮುಂದೆ ಹೋಗುವುದಿಲ್ಲ.

ವೃತ್ತಿಯಾಗಿ ಔದ್ಯೋಗಿಕ ಚಿಕಿತ್ಸೆಗೆ ನೂರು ವರ್ಷ ದಾಟಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ 1917ರಲ್ಲಿ ಇದರ ಮೊದಲ ರಾಷ್ಟ್ರೀಯ ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಎಲೀನರ್ ಕ್ಲಾರ್ಕ್ ಸ್ಲೇಗಲ್, ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತವರಿಗೆ ದಿನಚರಿಯ ಅಭ್ಯಾಸವನ್ನೇ ಚಿಕಿತ್ಸೆಯಾಗಿ ಕೊಟ್ಟರು. ಭಾರತದಲ್ಲಿ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಬಂತು. ಕರ್ನಾಟಕದಲ್ಲಿ ಮಣಿಪಾಲ ಈ ವಿದ್ಯೆಯ ಮುಖ್ಯ ಕಲಿಕಾ ಕೇಂದ್ರ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆಯಂಥ ಕೆಲಸಗಳ ಮೂಲಕ ಚೇತರಿಕೆಯ ಪ್ರಯತ್ನ ದಶಕಗಳಿಂದ ನಡೆದಿದೆ. 2021ರ ಕೇಂದ್ರ ಕಾಯ್ದೆಯೊಂದು ವೈದ್ಯಕೀಯ ಸಂಬಂಧಿತ ಇತರ ವೃತ್ತಿಗಳ ಜೊತೆ ಇದಕ್ಕೂ ಶಾಸನಬದ್ಧ ಮನ್ನಣೆ ಕೊಟ್ಟಿತು. ಇಷ್ಟಾದರೂ ಜೈಲಿನ ಗೋಡೆಯೊಳಗೆ ಔದ್ಯೋಗಿಕ ಚಿಕಿತ್ಸಕರನ್ನು ಕಾಣುವುದು ಈ ದೇಶದಲ್ಲಿ ಅಪರೂಪ.

ಕೈದಿಗಳ ಮಾನಸಿಕ ಆರೋಗ್ಯದ ಬಗ್ಗೆ ಕರ್ನಾಟಕದ್ದೇ ಒಂದು ದೊಡ್ಡ ಅಧ್ಯಯನವಿದೆ. ನಿಮ್ಹಾನ್ಸ್‌ನ ಸುರೇಶ್ ಬಾಡ ಮಠ, ಪ್ರತಿಮಾ ಮೂರ್ತಿ ಮತ್ತು ಅವರ ಸಹೋದ್ಯೋಗಿಗಳು ಪರಪ್ಪನ ಅಗ್ರಹಾರದ ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 4,002 ಮಂದಿಗೆ, ಎಂದರೆ ಶೇ 79.6ರಷ್ಟು ಜನರಿಗೆ, ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುವಿನ ಬಳಕೆಯ ಸಮಸ್ಯೆ ಇತ್ತು. ಮಾದಕ ವಸ್ತುವಿನ ಲೆಕ್ಕ ಬಿಟ್ಟರೂ 1,389 ಮಂದಿ, ಅಂದರೆ ಶೇ 27.6ರಷ್ಟು ಕೈದಿಗಳು, ಗುರುತಿಸಬಹುದಾದ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಸ್ಥಳೀಯ ಪಾಠಗಳಿಂದ ರಾಷ್ಟ್ರೀಯ ಕ್ರಮ ಎಂಬ ಅರ್ಥದ ಉಪಶೀರ್ಷಿಕೆ ಹೊತ್ತ ಆ ವರದಿ ಆಮೇಲಿನ ಬರಹಗಳಲ್ಲೂ ಚರ್ಚೆಗಳಲ್ಲೂ ಮತ್ತೆಮತ್ತೆ ಉಲ್ಲೇಖವಾಯಿತು. ಆದರೆ ಅದು ರಾಜಧಾನಿಯ ಕೇಂದ್ರ ಕಾರಾಗೃಹದ ಚಿತ್ರ. ರಾಜ್ಯದ ಜಿಲ್ಲಾ ಜೈಲುಗಳ ದಿನಚರಿ ಬೇರೆಯೇ ಥರದ್ದು. ಸಂಶೋಧನೆಯ ಬೆಳಕು ಅಲ್ಲಿ ಬೀಳುವುದು ಕಡಿಮೆ.

ಮಂಡ್ಯ ಜಿಲ್ಲಾ ಕಾರಾಗೃಹವನ್ನೇ ನೋಡಬಹುದು. ಮದ್ದೂರು, ಮಳವಳ್ಳಿಯ ನ್ಯಾಯಾಲಯಗಳು ನ್ಯಾಯಾಂಗ ಬಂಧನಕ್ಕೆ ಕಳಿಸಿದವರು ಸಾಮಾನ್ಯವಾಗಿ ಬಂದು ಸೇರುವುದು ಇಲ್ಲಿಗೆ. ದೀರ್ಘ ಶಿಕ್ಷೆಯಾದವರು ಮೈಸೂರಿನಂಥ ಕೇಂದ್ರ ಕಾರಾಗೃಹಕ್ಕೆ ಹೋಗುತ್ತಾರೆ. ಹಾಗಾಗಿ ಜಿಲ್ಲಾ ಜೈಲು ಮುಖ್ಯವಾಗಿ ವಿಚಾರಣಾಧೀನ ಕೈದಿಗಳ ಮನೆ. ದೇಶದ ಅಂಕಿಅಂಶವೂ ಅದೇ ಕಡೆ ಬೊಟ್ಟು ಮಾಡುತ್ತದೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಇನ್ನೂ ತೀರ್ಪು ಕಾಣದವರು. ನೂರು ಮಂದಿಗೆ ಇರುವ ಜಾಗದಲ್ಲಿ ಸರಾಸರಿ 131 ಜನ ಇದ್ದರು.

ವಿಚಾರಣಾಧೀನನ ಹಗಲು ಖಾಲಿಯಿರುವುದಕ್ಕೆ ಕಾನೂನಿನಲ್ಲೇ ಒಂದು ಕಾರಣವಿದೆ. ಕಠಿಣ ಸಜೆಯಾದವನಿಗೆ ಮಾತ್ರ ದುಡಿಮೆ ಕಡ್ಡಾಯ. ಅಪರಾಧ ಸಾಬೀತಾಗದವನ ಕೈಯಲ್ಲಿ ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ. ಇದು ಅವನ ರಕ್ಷಣೆಗೆಂದೇ ಇರುವ ನಿಯಮ, ಸರಿಯಾದ ನಿಯಮವೂ ಹೌದು. ಆದರೆ ಬಲವಂತ ಬೇಡ ಎಂಬುದು ಎಷ್ಟೋ ಕಡೆ ಅವಕಾಶವೂ ಬೇಡ ಎಂದಾಗಿಬಿಟ್ಟಿದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 116ನೆಯ ನಿಯಮ ಎರಡನ್ನೂ ಒಟ್ಟಿಗೆ ಹೇಳುತ್ತದೆ: ವಿಚಾರಣಾಧೀನನಿಗೆ ಕೆಲಸದ ಅವಕಾಶ ಸದಾ ಇರಬೇಕು, ಒತ್ತಾಯ ಇರಬಾರದು, ಮಾಡಿದರೆ ಕೂಲಿ ಕೊಡಬೇಕು. ಹೊಲಿಗೆ, ನೇಯ್ಗೆ, ಬೇಕರಿಯಂಥ ಘಟಕಗಳು ಕೇಂದ್ರ ಕಾರಾಗೃಹಗಳಲ್ಲಿ ಬೆಳೆದಿವೆ. ಇಂದು ಬಂದು ನಾಳೆ ಜಾಮೀನಿನ ಮೇಲೆ ಹೋಗಬಹುದಾದವನನ್ನು ನಂಬಿ ಜಿಲ್ಲಾ ಜೈಲಿನಲ್ಲಿ ಅಂಥ ಘಟಕ ನಡೆಸುವುದು ಕಷ್ಟ. ಆ ನಾಳೆ ಕೆಲವೊಮ್ಮೆ ವರ್ಷಗಟ್ಟಲೆ ಬರುವುದಿಲ್ಲ. ಒಂದು ಡೇಟಿನಿಂದ ಇನ್ನೊಂದು ಡೇಟಿಗೆ, ಒಂದು ಸಂದರ್ಶನದಿಂದ ಇನ್ನೊಂದು ಸಂದರ್ಶನಕ್ಕೆ ಎಣಿಕೆ ನಡೆಯುತ್ತದೆ, ನಡುವಿನ ಹಗಲುಗಳಿಗೆ ಲೆಕ್ಕವಿಲ್ಲ.

ಇಲ್ಲಿ ಔದ್ಯೋಗಿಕ ಚಿಕಿತ್ಸಕ ಕೇಳುವ ಮೊದಲ ಪ್ರಶ್ನೆ, ಈ ಮನುಷ್ಯ ಹೊರಗಿದ್ದಾಗ ಅವನ ದಿನ ಹೇಗಿತ್ತು ಎಂಬುದು. ಮಳವಳ್ಳಿ ಅಥವಾ ಮದ್ದೂರಿನ ಕಡೆಯ ರೇಷ್ಮೆ ಬೆಳೆಗಾರನನ್ನು ತೆಗೆದುಕೊಳ್ಳೋಣ. ಚಾಕಿಯಿಂದ ಗೂಡಿನವರೆಗೆ ಸುಮಾರು ನಾಲ್ಕು ವಾರ ಅವನ ಮನೆಯ ಗಡಿಯಾರ ಹುಳುವಿನ ಹೊಟ್ಟೆಯನ್ನು ಅನುಸರಿಸುತ್ತದೆ. ಹೊತ್ತುಹೊತ್ತಿಗೆ ಸೊಪ್ಪು, ಹುಳು ಪೊರೆ ಬಿಡುವ ನಾಲ್ಕು ಜ್ವರಗಳಲ್ಲಿ ಸೊಪ್ಪು ನಿಲ್ಲಿಸಿ ಕಾಯುವುದು, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವುದು. ಇದರಲ್ಲಿ ಕಣ್ಣಿನ ಸೂಕ್ಷ್ಮವಿದೆ, ತಾಳ್ಮೆಯಿದೆ, ಮನೆಮಂದಿಯ ನಡುವೆ ಕೆಲಸದ ಹಂಚಿಕೆಯಿದೆ, ಸಾಲದ ಲೆಕ್ಕವಿದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನ ಕೌಶಲ ಇನ್ನೊಂದು ಬಗೆಯದು, ಅದನ್ನು ಬರೆದಿಟ್ಟ ಪಠ್ಯಪುಸ್ತಕವಿಲ್ಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಹೆಂಗಸಿನ ದಿನಕ್ಕೆ ಎರಡು ಗಟ್ಟಿ ಕಂಬಗಳಿವೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿ ಕಾಯುವ ಭತ್ತದ ರೈತನಿಗೆ ರಾತ್ರಿಯೇ ಕೆಲಸದ ಹೊತ್ತು. ಇವರೆಲ್ಲರಿಗೂ ಜೈಲಿನೊಳಗೆ ಮೇಣದ ಬತ್ತಿ ಮಾಡುವುದನ್ನೊಂದೇ ಕಲಿಸಿದರೆ ತರಬೇತಿ ಕೊಟ್ಟೆವೆಂಬ ಲೆಕ್ಕ ತುಂಬುತ್ತದೆ. ಹೊರಬಂದವನು ಹಿಂತಿರುಗುವುದು ಮಾತ್ರ ಹಿಪ್ಪುನೇರಳೆ ತೋಟಕ್ಕೇ.

ಸಂಶೋಧಕರ ಕೈಯಲ್ಲಿ ಇದಕ್ಕೆ ಸಾಧನಗಳಿವೆ. ಗ್ಯಾರಿ ಕೀಲ್‌ಹಾಫ್ನರ್ ರೂಪಿಸಿದ ಮಾನವ ಔದ್ಯೋಗಿಕ ಮಾದರಿ ಮನುಷ್ಯನ ಇಚ್ಛೆ, ಅಭ್ಯಾಸ, ಸಾಮರ್ಥ್ಯ ಮತ್ತು ಪರಿಸರವನ್ನು ಒಟ್ಟಿಗೆ ನೋಡುತ್ತದೆ. ಅದರ ಆಧಾರದ ಮೇಲೆ ಬಂದ ಒಂದು ಸಂದರ್ಶನ ವಿಧಾನದಲ್ಲಿ ನ್ಯಾಯಾಂಗ ಮನೋವೈದ್ಯ ಸಂಸ್ಥೆಗಳಲ್ಲಿರುವವರಿಗೆಂದೇ ಪ್ರತ್ಯೇಕ ಪ್ರಶ್ನೆಗಳಿವೆ. ಕೆನಡಾದಲ್ಲಿ ಹುಟ್ಟಿದ ಇನ್ನೊಂದು ಮಾಪನ, ತನಗೆ ಯಾವ ಕೆಲಸ ಮುಖ್ಯ, ಅದನ್ನು ಈಗ ಎಷ್ಟು ಚೆನ್ನಾಗಿ ಮಾಡಬಲ್ಲೆ, ಅದರಿಂದ ಎಷ್ಟು ತೃಪ್ತಿ ಎಂಬುದನ್ನು ವ್ಯಕ್ತಿಯ ಬಾಯಿಂದಲೇ ಹೊರಡಿಸುತ್ತದೆ. ಇವನ್ನು ಮಂಡ್ಯದ ಕನ್ನಡಕ್ಕೆ ತರುವುದು ಶಬ್ದಕೋಶದ ಕೆಲಸವಷ್ಟೇ ಅಲ್ಲ. ನಿಮ್ಮ ಹವ್ಯಾಸಗಳೇನು ಎಂದು ಕೇಳಿದರೆ ಕಬ್ಬು ಕಡಿಯುವವನು ತಬ್ಬಿಬ್ಬಾಗುತ್ತಾನೆ. ಪುರುಸೊತ್ತಾದಾಗ ಎಲ್ಲಿ ಕೂರುತ್ತಿದ್ದೆ, ಯಾರ ಜೊತೆ ಎಂದು ಕೇಳಿದರೆ ಅರಳಿಕಟ್ಟೆ, ಕಬಡ್ಡಿ, ಊರಹಬ್ಬದ ನಾಟಕ ಎಲ್ಲ ಹೊರಬರುತ್ತವೆ. ಆ ಪಟ್ಟಿಯಲ್ಲಿ ಬ್ರಾಂದಿ ಅಂಗಡಿ ಬರುವುದೂ ಉಂಟು. ಅದೂ ಚಿಕಿತ್ಸಕನಿಗೆ ಬೇಕಾದ ಮಾಹಿತಿಯೇ, ಏಕೆಂದರೆ ಬಿಡುಗಡೆಯ ಮೊದಲ ಸಂಜೆ ಕಾಲು ಎತ್ತ ನಡೆಯುತ್ತದೆ ಎಂಬುದನ್ನು ಅದು ಮೊದಲೇ ತಿಳಿಸುತ್ತದೆ.

ಹೊರದೇಶಗಳಲ್ಲಿಯೂ ಈ ಕ್ಷೇತ್ರ ಚಿಕ್ಕದು. ಬ್ರಿಟನ್ನಿನಲ್ಲಿ ಇದು ಬೆಳೆದದ್ದು ಮುಖ್ಯವಾಗಿ ಬ್ರಾಡ್‌ಮೂರ್‌ನಂಥ ಭದ್ರತಾ ಆಸ್ಪತ್ರೆಗಳಲ್ಲಿ. ಅಮೆರಿಕದಲ್ಲಿ ಜೇಮಿ ಮುನ್ಯೋಸ್ ಮತ್ತು ಸಹೋದ್ಯೋಗಿಗಳು ಅಪರಾಧ ನ್ಯಾಯ ವ್ಯವಸ್ಥೆಯೊಳಗೆ ದುಡಿಯುವ ಚಿಕಿತ್ಸಕರ ಕೆಲಸದ ಸ್ವರೂಪವನ್ನು ಸಮೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಸೇಂಟ್ ಲೂಯಿ ವಿಶ್ವವಿದ್ಯಾಲಯದಲ್ಲಿ ಲೀಸಾ ಯೇಗರ್ಸ್ ನೇತೃತ್ವದ ಕಾರ್ಯಕ್ರಮ ಜೈಲಿನೊಳಗೆ ಶುರುವಾಗಿ ಬಿಡುಗಡೆಯ ನಂತರವೂ ಮುಂದುವರಿಯುತ್ತದೆ. ಜೈಲು ಸಿಬ್ಬಂದಿಯ ಆರೋಗ್ಯವನ್ನೂ ಯೇಗರ್ಸ್ ಸಂಶೋಧನೆಯೊಳಗೆ ತಂದರು. ಈ ಕೊನೆಯ ಅಂಶ ಕನ್ನಡ ನಾಡಿಗೆ ಹತ್ತಿರದ್ದು. ವಾರ್ಡರ್ ಕೂಡ ಹಗಲಿನ ಬಹುಪಾಲನ್ನು ಅದೇ ಗೋಡೆಯೊಳಗೆ ಕಳೆಯುತ್ತಾನೆ. ಬ್ಯಾರಕ್ಕಿನಲ್ಲಿ ಒಬ್ಬ ಊಟ ಬಿಟ್ಟದ್ದನ್ನೂ ಇನ್ನೊಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದನ್ನೂ ಮೊದಲು ನೋಡುವವನು ಅವನೇ.

ಸಂಶೋಧನೆಯ ಫಲವನ್ನು ಹಂಚುವ ವಿಷಯ ಬರುವುದು ಇಲ್ಲಿಯೇ. ಇಂಗ್ಲಿಷ್ ನಿಯತಕಾಲಿಕೆಯಲ್ಲಿ ಪ್ರಕಟವಾದ ಲೇಖನ ಇನ್ನೊಬ್ಬ ಸಂಶೋಧಕನನ್ನು ತಲುಪಿದರೆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಹಂಚಿಕೆ ಮುಗಿಯಿತು. ಅದು ಬೇಕಾಗಿರುವವರು ಬೇರೆ. ಜಿಲ್ಲಾ ಜೈಲಿನ ಅಧೀಕ್ಷಕರು, ವಾರ್ಡರುಗಳು, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುವ ವೈದ್ಯರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಮತ್ತು ಅರೆಕಾಲಿಕ ಕಾನೂನು ಸ್ವಯಂಸೇವಕರು, ಮದ್ದೂರು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳು, ಕೊನೆಗೆ ಮನೆಯವರು. ಇವರಲ್ಲಿ ಒಬ್ಬೊಬ್ಬರಿಗೂ ಬೇಕಾದ ತುಣುಕು ಬೇರೆ. ವಾರ್ಡರಿಗೆ ಬೇಕಿರುವುದು ಬ್ಯಾರಕ್ಕಿನಲ್ಲಿ ಯಾವ ಚಟುವಟಿಕೆ ಅಪಾಯವಿಲ್ಲದೆ ನಡೆಸಬಹುದು ಎಂಬ ಒಂದು ಪುಟ. ವಕೀಲರಿಗೆ ಬೇಕಿರುವುದು ಕಕ್ಷಿದಾರ ತನ್ನ ಕೇಸಿನ ಡೇಟು ನೆನಪಿಟ್ಟುಕೊಂಡು ಒಬ್ಬನೇ ಕೋರ್ಟಿಗೆ ಬರಬಲ್ಲನೇ ಎಂಬ ಅಂದಾಜು. ಹೆಂಡತಿಗೆ ಬೇಕಿರುವುದು, ಹೊರಬಂದ ಗಂಡ ಹದಿನೈದು ದಿನ ಮೂಲೆ ಬಿಟ್ಟು ಏಳದಿದ್ದರೆ ಅದು ಸೋಮಾರಿತನವೋ ಕಾಯಿಲೆಯೋ ಎಂಬ ತಿಳಿವಳಿಕೆ. ಇವೆಲ್ಲ ಕನ್ನಡದಲ್ಲಿ, ಅದರಲ್ಲೂ ಓದದವರಿಗೂ ತಲುಪುವಂತೆ ಬಾಯಿಮಾತಿನಲ್ಲಿ ಹೋಗಬೇಕು.

ಅದಕ್ಕೆ ದಾರಿಗಳು ಹೊಸದಾಗಿ ಕಡಿಯಬೇಕಾದವಲ್ಲ. ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೆಳೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮನೋವೈದ್ಯಕೀಯ ಹಳ್ಳಿಯನ್ನು ಮುಟ್ಟುತ್ತದೆ ಎಂದು ತೋರಿಸಿದ್ದು ಅದರ ಸಾಧನೆ. ಕರ್ನಾಟಕದ ಒಂದು ಜಿಲ್ಲೆಯ ಅನುಭವ ದೇಶಕ್ಕೆ ಹಂಚಿಕೆಯಾದ ಉದಾಹರಣೆ ಹೀಗೆ ಕಣ್ಣ ಮುಂದಿದೆ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯೂ ಕನ್ನಡದಲ್ಲಿ ಸಿಗುತ್ತದೆ. ಜೈಲಿನ ಬಾಗಿಲಿನಿಂದ ಈ ಯಾವುದಾದರೊಂದು ಬಾಗಿಲಿನವರೆಗೆ ಒಬ್ಬ ಮನುಷ್ಯನ ಕಾಗದ ಹೇಗೆ ಹೋಗಬೇಕು ಎಂಬುದೇ ಬಗೆಹರಿಯದ ಸಂಗತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೆಯ ಕಲಮು ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಸಂಬಂಧಪಟ್ಟ ಮಂಡಳಿಗೆ ವರದಿ ಕಳಿಸಬೇಕು ಎನ್ನುತ್ತದೆ. ಜೈಲಿನಲ್ಲಿ ಮಾನಸಿಕ ಕಾಯಿಲೆಯವರು ಯಾರೂ ಇಲ್ಲ ಎಂದು ಪ್ರಮಾಣೀಕರಿಸುವ ವರದಿ ಅದು. ಬೆಂಗಳೂರಿನ ಅಧ್ಯಯನದ ಅಂಕಿಗಳನ್ನು ಪಕ್ಕದಲ್ಲಿಟ್ಟು ಓದಿದರೆ ಆ ನಮೂನೆ ಎಷ್ಟು ಆಶಾವಾದಿ ಎಂದು ಗೊತ್ತಾಗುತ್ತದೆ.

ಪತ್ರಿಕೆ, ಸಮ್ಮೇಳನಗಳ ಹಂಗಿಲ್ಲದೆ ನಡೆದ ಹಂಚಿಕೆಯೂ ಕನ್ನಡದಲ್ಲಿದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ತೊಂಬತ್ತರ ದಶಕದ ಕೊನೆಯಿಂದ ಬಳ್ಳಾರಿ, ಮೈಸೂರು ಮೊದಲಾದ ಜೈಲುಗಳ ಕೈದಿಗಳಿಂದ ನಾಟಕ ಆಡಿಸುತ್ತ ಬಂದರು. ಗಿರೀಶ ಕಾರ್ನಾಡರ ತಲೆದಂಡ, ಮ್ಯಾಕ್‌ಬೆತ್ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ಮಾರನಾಯಕನ ದೃಷ್ಟಾಂತ ಇಂಥವು ಕೈದಿಗಳ ಕೈಯಲ್ಲಿ ರಂಗಕ್ಕೆ ಬಂದವು, ಜೈಲಿನಿಂದಾಚೆಯ ಪ್ರೇಕ್ಷಕರೆದುರೂ ಪ್ರದರ್ಶನ ಕಂಡವು. ಕೊಲೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವನು ಅಧಿಕಾರದಾಸೆಗೆ ಕೊಲೆ ಮಾಡಿದ ರಾಜನ ಪಾತ್ರ ಮಾಡುವುದು ಸಣ್ಣ ಮಾತಲ್ಲ. ಔದ್ಯೋಗಿಕ ಚಿಕಿತ್ಸೆಯ ಕಣ್ಣಿನಿಂದ ನೋಡಿದರೆ ಅಲ್ಲಿ ನಡೆದದ್ದು ಸಮಯಪಾಲನೆ, ಮಾತು ಬಾಯಿಪಾಠ, ಇನ್ನೊಬ್ಬನ ಸರದಿಗೆ ಕಾಯುವುದು, ತಂಡದ ಜವಾಬ್ದಾರಿ, ಕೈದಿ ಎಂಬ ಒಂದೇ ಪಾತ್ರದಿಂದ ನಟ ಎಂಬ ಇನ್ನೊಂದಕ್ಕೆ ದಾಟುವುದು. ರಂಗಭೂಮಿಯವರು ಅದನ್ನು ರಂಗಭೂಮಿ ಎಂದೇ ಕಂಡರು, ವಿಮರ್ಶಕರೂ ಹಾಗೆಯೇ ಬರೆದರು. ಇಂಥ ಕೆಲಸದಿಂದ ಕೈದಿಯ ನಿದ್ದೆ, ಜಗಳ, ಬಿಡುಗಡೆಯ ನಂತರದ ದುಡಿಮೆ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಔದ್ಯೋಗಿಕ ಚಿಕಿತ್ಸಕನ ಕೈಯಲ್ಲಿ ಉಪಕರಣವಿದೆ. ಆದರೆ ತಾಲೀಮಿನ ಜಾಗದಲ್ಲಿ ಅವನು ಇರುವುದಿಲ್ಲ.

ಸೆರೆಯಲ್ಲಿರುವವರ ಮೇಲಿನ ಸಂಶೋಧನೆಗೆ ಕಟ್ಟುಪಾಡುಗಳು ಬಿಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿ ಕೈದಿಗಳನ್ನು ದುರ್ಬಲ ಸ್ಥಿತಿಯ ಗುಂಪುಗಳಲ್ಲಿ ಸೇರಿಸುತ್ತದೆ. ಬೇಡ ಎಂದರೆ ಅಧಿಕಾರಿ ಏನಂದುಕೊಳ್ಳುತ್ತಾರೋ ಎಂಬ ಭಯದಿಂದಲೋ, ಹೂಂ ಎಂದರೆ ಸನ್ನಡತೆಯ ಪಟ್ಟಿಗೆ ಹೆಸರು ಸೇರಬಹುದೆಂಬ ಆಸೆಯಿಂದಲೋ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಹಂಚುವಾಗ ಇನ್ನೊಂದು ತೊಡಕಿದೆ. ಮಹಾನಗರದ ವರದಿಯಲ್ಲಿ ಹೆಸರು ತೆಗೆದರೆ ಗುರುತು ಅಳಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಇಂಥ ವಯಸ್ಸಿನ, ಇಂಥ ಕೇಸಿನ, ಎರಡು ಎಕರೆ ಕಬ್ಬಿನ ರೈತ ಎಂದರೆ ಸಾಕು, ಸುತ್ತಲಿನ ಹತ್ತು ಊರಿಗೆ ಆಳು ಯಾರೆಂದು ತಿಳಿಯುತ್ತದೆ. ಸಣ್ಣ ಜಿಲ್ಲೆಯ ಅಧ್ಯಯನ ಒಬ್ಬೊಬ್ಬರ ಕಥೆಯನ್ನು ಬಿಡಿಯಾಗಿ ಹೇಳುವುದಕ್ಕಿಂತ ಹಲವರ ದಿನಚರಿಯನ್ನು ಸೇರಿಸಿ ಹೇಳುವುದು ಲೇಸು.

ಯಾರಿಗೆ ಯಾವ ಕೆಲಸ ಎಂಬ ಪ್ರಶ್ನೆಯ ಹಿಂದೆ ಭಾರತದ ಜೈಲುಗಳಿಗೆ ಕೆಟ್ಟ ಚರಿತ್ರೆಯೂ ಇದೆ. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆ ಒಂದು ಜಾತಿಗೆ, ಶುಚಿಗೊಳಿಸುವ ಕೆಲಸ ಇನ್ನೊಂದಕ್ಕೆ ಎಂದು ಬರೆದಿಟ್ಟಿದ್ದವು. ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳು ಸಂವಿಧಾನಬಾಹಿರವೆಂದು ತೀರ್ಪಿತ್ತು, ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ತೆಗೆಯುವಂತೆಯೂ ಆದೇಶಿಸಿತು. ಕೆಲಸಕ್ಕೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಅದೇ ನ್ಯಾಯಾಲಯ 1998ರಲ್ಲಿ ಗುಜರಾತಿನ ಪ್ರಕರಣದಲ್ಲಿ ಹೇಳಿತ್ತು. ಕೈದಿಯ ಹಿಂದಿನ ಕಸುಬನ್ನು ಕೇಳಿ ತಿಳಿಯುವ ಔದ್ಯೋಗಿಕ ಚಿಕಿತ್ಸಕನೂ ಇಲ್ಲಿ ಎಚ್ಚರ ತಪ್ಪುವಂತಿಲ್ಲ. ಕುಲಕಸುಬು ಕೇಳಿ ಅದನ್ನೇ ಹಚ್ಚಿದರೆ ಹಳೆಯ ಕೈಪಿಡಿ ಹೊಸ ಹೆಸರಿನಲ್ಲಿ ಮರಳಿ ಬರುತ್ತದೆ.

ಬಿಡುಗಡೆಯ ಹೊತ್ತು ಇನ್ನೂ ತೊಡಕಿನದು. ಸಜಾ ಕೈದಿಗೆ ಹೊರಹೋಗುವ ದಿನ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನನ ಜಾಮೀನು ಆದೇಶ ಮಧ್ಯಾಹ್ನ ಬಂದರೆ ಸಂಜೆ ಅವನು ರಸ್ತೆಯಲ್ಲಿರುತ್ತಾನೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧವೂ ಸಾಬೀತಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಬರೆಯುವ ಹೊಣೆ ಜೈಲು ಅಧೀಕ್ಷಕರದು. ಇದರಿಂದ ಬಿಡುಗಡೆಯ ದಿನವನ್ನು ಸ್ವಲ್ಪ ಮಟ್ಟಿಗೆ ಮೊದಲೇ ಊಹಿಸಬಹುದು. ಸಿದ್ಧತೆಗೆ ಅಷ್ಟರ ಮಟ್ಟಿಗೆ ಅವಕಾಶ ಸಿಗುತ್ತದೆ: ಮಾತ್ರೆ ಎಲ್ಲಿ ಸಿಗುತ್ತದೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕ ಎಲ್ಲಿವೆ, ಮೊದಲ ವಾರ ಏನು ಕೆಲಸ, ಯಾರ ಜೊತೆ.

ಅದೇ ಹೊತ್ತಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿತು. ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು ಮೊದಲ ಬಾರಿ ಸಾಬೀತಾಗಿ ಮಾಲನ್ನು ಮರಳಿಸಿದವನಿಗೂ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದವನಿಗೂ, ಮಾನಹಾನಿ ಮೊದಲಾದ ಇನ್ನು ಕೆಲವು ಅಪರಾಧಗಳಿಗೂ ಇದು ಅನ್ವಯಿಸುತ್ತದೆ. ಸಮುದಾಯಕ್ಕೆ ಉಪಯೋಗವಾಗುವ, ಕೂಲಿಯಿಲ್ಲದ ಕೆಲಸ ಎಂದು ಕಾನೂನು ಅದನ್ನು ವಿವರಿಸುತ್ತದೆ. ಯಾವ ಕೆಲಸ, ಎಷ್ಟು ಹೊತ್ತು, ಯಾರ ಉಸ್ತುವಾರಿಯಲ್ಲಿ ಎಂಬುದನ್ನು ತೀರ್ಮಾನಿಸಬೇಕಾದವರು ಮದ್ದೂರು, ಮಳವಳ್ಳಿಯಂಥ ಊರುಗಳ ನ್ಯಾಯಾಧೀಶರು. ಕುಡಿತ ಬಿಡಲಾಗದವನಿಗೆ ಊರಹಬ್ಬದ ಜಾಗ ಗುಡಿಸಲು ಹಚ್ಚುವುದಕ್ಕೂ ಬೆಳಗಿನ ಹೊತ್ತು ಶಾಲೆಯ ಗಿಡಗಳಿಗೆ ನೀರು ಹಾಯಿಸಲು ಹಚ್ಚುವುದಕ್ಕೂ ಪರಿಣಾಮದಲ್ಲಿ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಅಳೆದು ನೋಡಿ ಮುಂದಿನ ಆದೇಶಕ್ಕೆ ಆಧಾರವಾಗಿ ಕೊಡುವುದು ಔದ್ಯೋಗಿಕ ಚಿಕಿತ್ಸೆಯ ತರಬೇತಿ ಪಡೆದವರಿಗೆ ತಿಳಿದಿರುವ ಕೆಲಸ.